ಮೇಸ್ತ್ರಿಯ ಕಲ್ಲು ಸಮ ಮಾಡಿದ್ದು

ಜೂನ್ 2, ಸೋಮವಾರ

ಡಾಕ್ಟರು ಬರೆದಿಡಲು ಹೇಳಿದ್ದು ಕೆಮ್ಮನ್ನು. ದಿನಕ್ಕೆ ಎಷ್ಟು ಸಲ, ಒಣ ಕೆಮ್ಮೋ ಕಫದ್ದೋ, ಮೆಟ್ಟಿಲು ಹತ್ತುವಾಗ ಎಷ್ಟನೆಯದರಲ್ಲಿ ನಿಂತೆ. ಇವತ್ತು ಬೆಳಿಗ್ಗೆ ನಾಲ್ಕು ಸಲ, ಮಧ್ಯಾಹ್ನ ಲೆಕ್ಕ ತಪ್ಪಿತು. ಹನ್ನೊಂದನೆಯ ಮೆಟ್ಟಿಲಿನಲ್ಲಿ ನಿಂತೆ.

ಕಾರಣ ಹುಡುಕಬೇಕಾಗಿಲ್ಲ. ಹತ್ತೊಂಬತ್ತು ವರ್ಷ ಮೇಜು ಕುರ್ಚಿ ಮಾಡುವ ಕಾರ್ಖಾನೆಯಲ್ಲಿ, ಮರ ಉಜ್ಜುವ ಸ್ಯಾಂಡಿಂಗ್ ಮಿಷಿನ್ನಿನ ಮುಂದೆ ನಿಂತು ಮರದ ಧೂಳು ಕುಡಿದಿದ್ದೇನೆ. ಇನ್ನೊಂದು ವರ್ಷ ಕುಡಿದರೆ ಮೆಟ್ಟಿಲಿನ ಮಾತೇ ಬೇಡ ಎಂದರು ಡಾಕ್ಟರು.

ಅವರು ಬರೆದುಕೊಟ್ಟ ಚೀಟಿಯನ್ನು ಕಾರ್ಖಾನೆಯ ಮೇಡಂ ಮುಂದೆ ಇಟ್ಟೆ. ಮೇಡಂ ಅದನ್ನು ತಂದೆಯಿಂದ ವಹಿಸಿಕೊಂಡು ಆರು ವರ್ಷವಾಯಿತು. ಮಾತು ಉದ್ದ ಮಾಡುವವರಲ್ಲ. "ಒಂದು ಲೈಬ್ರರಿಗೆ ಹನ್ನೆರಡು ಓದೋ ಮೇಜು ಆಗ್ಬೇಕು. ಸ್ಯಾಂಡಿಂಗ್ ಮಾಡಬಾರ್ದಂತೆ, ಪೂರ್ತಿ ಕೈ ಹತ್ತರಿಯಲ್ಲೇ ಹೊಡೀಬೇಕಂತೆ. ಮೇಸ್ತ್ರಿ ಒಬ್ಬರ ಕೈಲಿ ಆಗಲ್ಲ. ಅಲ್ಲಿ ಧೂಳಿಲ್ಲ. ಕಲೀತೀರಾ?" ಎಂದರು. ಹೂಂ ಎಂದೆ. "ಜುಲೈ ಐದನೇ ತಾರೀಕು ನೀವು ಹೊಡೆದ ಹಲಗೆ ನೋಡ್ತೀನಿ. ಸರಿ ಇದ್ರೆ ಆ ಬೆಂಚು ನಿಮ್ಮದು. ಇಲ್ದಿದ್ರೆ ಬೇರೆ ಕೆಲಸ ನನ್ನ ಹತ್ರ ಇಲ್ಲ."

ಒಂದು ತಿಂಗಳು ಮೂರು ದಿನ.

ಜೂನ್ 3, ಮಂಗಳವಾರ

ಕೆಮ್ಮು ಆರು ಸಲ.

ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಕನ್ನಡಕ ಸೋಡಾ ಬಾಟಲಿಯ ತಳದ ಹಾಗಿದೆ. ನನ್ನನ್ನು ನೋಡಿದ್ದೇ, "ಏನಪ್ಪಾ ಮಿಷಿನ್ನು, ಸ್ವಿಚ್ ಎಲ್ಲಿದೆ ಅಂತ ಹುಡುಕ್ತಿದ್ದೀಯಾ?" ಎಂದ. ಸಂಜೆಯೊಳಗೆ ಇಡೀ ಕಾರ್ಖಾನೆಗೆ ನಾನು ಮಿಷಿನ್ನು.

ಮರ ಹೆರೆಯುವ ಹೊಸ ಹತ್ತರಿ, ಅದರ ಬ್ಲೇಡು ಮಸೆಯಲು ಒಂದು ಒರಟು ಕಲ್ಲು, ಒಂದು ನುಣುಪು ಕಲ್ಲು ಕೊಟ್ಟರು. ಮುದುಕ ತನ್ನ ಬ್ಲೇಡು ಬಿಚ್ಚಿ, ತನ್ನ ಕಲ್ಲಿನ ಮೇಲೆ ನೀರು ಚಿಮುಕಿಸಿ, ಇಪ್ಪತ್ತು ಸಲ ಎಳೆದು, ಒರೆಸಿ, ವಾಪಸ್ ಕೂರಿಸಿ ಹಲಗೆಯ ಮೇಲೆ ಒಂದು ಸಲ ತಳ್ಳಿದ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಮರದ ಸುರುಳಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಂಡಾಗದೆ ಬಂತು. ಅಡಿಯಲ್ಲಿ ಮರ ನೀರು ಹಚ್ಚಿದ ಹಾಗೆ ಹೊಳೆಯಿತು. ಪಾಠ ಅಷ್ಟೇ. ಹೇಗೆ ಎಂದು ಕೇಳಿದೆ. "ಕಣ್ಣಿಲ್ವಾ?" ಎಂದ.

ನಾನು ಮಸೆದ ಬ್ಲೇಡಿನಿಂದ ಪುಡಿ ಬಂತು.

ಜೂನ್ 6, ಶುಕ್ರವಾರ

ಮೂರು ದಿನದಿಂದ ಮಸೆಯುತ್ತಿದ್ದೇನೆ. ಬ್ಲೇಡಿನ ಅಂಚಿಗೆ ಒಂದು ಇಳಿಜಾರು ಇರುತ್ತದೆ. ಆ ಇಳಿಜಾರು ಪೂರ್ತಿ ಕಲ್ಲಿಗೆ ಅಂಟಿಕೊಂಡಿರುವಂತೆ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ಕೇಳಲು ಸುಲಭ. ನನ್ನ ಮಣಿಕಟ್ಟು ಪ್ರತಿ ಎಳೆತಕ್ಕೂ ಏಳುತ್ತದೆ, ಬೀಳುತ್ತದೆ. ಇಳಿಜಾರು ಹೋಗಿ ಹೊಟ್ಟೆಯ ಹಾಗೆ ಉಬ್ಬಿದೆ.

ಮುದುಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಮಸೀತಿದ್ದೀಯೋ, ತೊಟ್ಟಿಲು ತೂಗ್ತಿದ್ದೀಯೋ? ಇದ್ರಲ್ಲಿ ಸೋಪು ಕೂಡ ಕುಯ್ಯಲ್ಲ," ಎಂದ. ಪಕ್ಕದ ಬೆಂಚಿನವರು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ.

ಕೆಮ್ಮು ಐದೋ ಆರೋ.

ಜೂನ್ 9, ಸೋಮವಾರ

ಇವತ್ತು ಗೊತ್ತಾದದ್ದು: ನಾನು ಪ್ರತಿ ಸಲವೂ ಮುಗಿಯುವ ಮೊದಲೇ ನಿಲ್ಲಿಸುತ್ತಿದ್ದೆ. ಸಾಕಷ್ಟು ಮಸೆದರೆ ಅಂಚಿನ ಹಿಂದುಗಡೆ ಕೂದಲೆಳೆಯಷ್ಟು ಲೋಹ ಮಡಚಿಕೊಂಡು ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹೆಬ್ಬೆರಳಿಗೆ ತಡೆಯುತ್ತದೆ. ಅದಕ್ಕೆ ತರಿ ಅನ್ನುತ್ತಾರಂತೆ. ತರಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಎದ್ದ ಮೇಲೇ ನುಣುಪು ಕಲ್ಲಿಗೆ ಹೋಗಬೇಕು, ಬ್ಲೇಡಿನ ಬೆನ್ನನ್ನು ಕಲ್ಲಿಗೆ ಚಪ್ಪಟೆಯಾಗಿ ಒತ್ತಿ ಅದನ್ನು ತೆಗೆಯಬೇಕು. ಇದನ್ನು ಮೊದಲ ದಿನವೇ ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನಾನು ಬೈದುಕೊಂಡು ಬ್ಲೇಡು ಒರೆಸುವಾಗ ಹೆಬ್ಬೆರಳಿಗೆ ತಾನಾಗಿ ಸಿಕ್ಕಿತು. "ಅದೇ ತರಿ," ಎಂದ ಮುದುಕ, ತಲೆ ಎತ್ತದೆ.

ಕೆಮ್ಮು ಮೂರು.

ಜೂನ್ 10, ಮಂಗಳವಾರ

ಮೊಂಡು. ಬರೆಯುವಂಥದ್ದೇನೂ ಇಲ್ಲ.

ಜೂನ್ 12, ಗುರುವಾರ

ಇಳಿಜಾರಿಗೆ ಕಪ್ಪು ಮಾರ್ಕರ್ ಹಚ್ಚಿ ಎರಡು ಸಲ ಎಳೆದು ನೋಡಿದೆ. ಮಸಿ ಎಲ್ಲಿ ಹೋಗಿದೆಯೋ ಅಲ್ಲಿ ಕಲ್ಲು ತಾಗಿದೆ, ಉಳಿದ ಕಡೆ ಇಲ್ಲ. ನನ್ನ ಕೈ ಬಲಕ್ಕೆ ವಾಲುತ್ತದೆ ಎಂದು ಹೀಗೆ ತಿಳಿಯಿತು. ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, ಸೊಂಟದಿಂದ ಇಡೀ ಮೈಯನ್ನು ಹಿಂದೆ ಮುಂದೆ ಆಡಿಸಿದೆ. ನಾಲ್ಕು ಗಂಟೆಗೆ ಬ್ಲೇಡು ಮುಂಗೈ ಕೂದಲನ್ನು ಬೋಳಿಸಿತು.

ಓಡಿಹೋಗಿ ಹಲಗೆಗೆ ಹಾಕಿದೆ. ಸುರುಳಿ ಬಂತು! ಆದರೆ ಹಲಗೆಯ ಮೇಲೆ ಪ್ರತಿ ಸಲ ತಳ್ಳಿದಾಗಲೂ ಎರಡು ಗೆರೆ, ರೈಲು ಹಳಿಯ ಹಾಗೆ. ಬೆರಳಿಗೆ ಮೆಟ್ಟಿಲಿನಂತೆ ತಡೆಯುತ್ತವೆ. ಬ್ಲೇಡಿನ ಎರಡು ಮೂಲೆ ಕೊರೆಯುತ್ತಿವೆ. ಮುದುಕನ ಹಲಗೆಯಲ್ಲಿ ಗೆರೆ ಇಲ್ಲ. ಯಾಕೆ ಎಂದು ಕೇಳಿದೆ. "ನನ್ನದ್ರಲ್ಲಿ ಬರಲ್ಲಪ್ಪ," ಎಂದ. ಇದು ಉತ್ತರವೇ?

ಜೂನ್ 14, ಶನಿವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ.

ಮುದುಕ ಕಣ್ಣು ತೋರಿಸಲು ರಜೆ ಹಾಕಿದ್ದ. ಬೆಂಚು ಒರೆಸುವಾಗ ಅವನ ಕಲ್ಲನ್ನು ಕೈಗೆತ್ತಿಕೊಂಡೆ. ಮೂವತ್ತು ವರ್ಷದ ಕಲ್ಲು. ನಡುವೆ ತವದ ಹಾಗೆ ತಗ್ಗು ಬಿದ್ದಿದೆ. ನನ್ನ ಕಲ್ಲಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: ಕಲ್ಲು ಸದಾ ಸಮತಟ್ಟಾಗಿರಲಿ. ಇದರ ಮೇಲೆ ಮಸೆಯುತ್ತಾ ನನ್ನ ಮಣಿಕಟ್ಟನ್ನು ಆಡಿಕೊಳ್ಳುತ್ತಾನಲ್ಲ!

ಸಮ ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಹತ್ತೊಂಬತ್ತು ವರ್ಷ ಮಾಡಿದ್ದು ಅದನ್ನೇ. ಮಿಷಿನ್ನಿನ ಹಳೆಯ ಮರಳುಕಾಗದದ ಬೆಲ್ಟು ಕತ್ತರಿಸಿ ದಪ್ಪ ಗಾಜಿಗೆ ಅಂಟಿಸಿದೆ. ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಚೌಕಳಿ ಗೆರೆ ಹಾಕಿ, ನೀರು ಬಿಟ್ಟು ಉಜ್ಜಿದೆ. ನಡುವಿನ ಗೆರೆ ಅಳಿಸಿಹೋಗಲು ಮೂರು ಗಂಟೆ ಹಿಡಿಯಿತು. ಉಕ್ಕಿನ ಅಳತೆಪಟ್ಟಿ ನಿಲ್ಲಿಸಿ ನೋಡಿದೆ. ಎಲ್ಲಿಯೂ ಬೆಳಕು ತೂರುವುದಿಲ್ಲ. ಈ ಕಾರ್ಖಾನೆಯಲ್ಲಿ ನನ್ನ ಕೈಯಿಂದ ಇಷ್ಟು ಅಚ್ಚುಕಟ್ಟಾದ ಕೆಲಸ ಎಂದೂ ಆಗಿರಲಿಲ್ಲ.

ಸೋಮವಾರ ಏನನ್ನುತ್ತಾನೋ ನೋಡೋಣ.

ಜೂನ್ 16, ಸೋಮವಾರ

ಕಲ್ಲಿಗೆ ನೀರು ಹಾಕಿದ. ಅಂಗೈ ಇಟ್ಟ. ಕನ್ನಡಕ ತೆಗೆದು, ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದ.

"ನೀನಾ?"

"ಹೌದು ಮೇಸ್ತ್ರಿಗಳೇ. ತುಂಬಾ ತಗ್ಗು ಬಿದ್ದಿತ್ತು."

ಬೈಯಬಹುದು, ಇಲ್ಲವೇ ಒಂದು ಒಳ್ಳೆಯ ಮಾತು ಆಡಬಹುದು ಎಂದು ಕಾಯುತ್ತಿದ್ದೆ. ಬೈಯಲಿಲ್ಲ. "ಸರಿಯಾಗೇ ಮಾಡಿದ್ದೀಯ. ನನಗೆ ಕಲಿಸಿದೋರು ಆ ಕಲ್ಲು ನೋಡಿದ್ರೆ ಬೆನ್ನ ಮೇಲೆ ಬಿಡ್ತಿದ್ರು. ಇವತ್ತು ಮಾಡೋಣ, ನಾಳೆ ಮಾಡೋಣ ಅಂತ ಮೂವತ್ತು ವರ್ಷ ಆಯ್ತು," ಎಂದ. ಅವನಿಗೆ ನಾಚಿಕೆಯಾದದ್ದನ್ನು ಮೊದಲ ಸಲ ನೋಡಿದೆ. ಖುಷಿಯಾಗಬೇಕಿತ್ತು.

ನನ್ನ ಗೆರೆಗಳು ಹಾಗೆಯೇ ಇವೆ.

ಜೂನ್ 17, ಮಂಗಳವಾರ

ಗೆರೆ. ಗೆರೆ. ಗೆರೆ.

ಜೂನ್ 21, ಶನಿವಾರ

ಡಾಕ್ಟರ ಬಳಿ ಹೋಗಿದ್ದೆ. "ಬರೆದಿಟ್ರಾ?" ಎಂದರು. ಪುಸ್ತಕ ಬಿಚ್ಚಿ ಕೆಮ್ಮು ಎಲ್ಲಿದೆ ಎಂದು ಹುಡುಕುತ್ತಾ ಹೋದೆ. ಕೊನೆಯದು ಒಂಬತ್ತನೇ ತಾರೀಕಿನದು. ಆಮೇಲೆ ಬರೀ ಬ್ಲೇಡು.

"ಅಂದ್ರೆ ಕೆಮ್ಮಿಲ್ವಾ, ಬರೀಲಿಲ್ವಾ?"

"ನೆನಪಿಲ್ಲ ಡಾಕ್ಟ್ರೇ."

"ನೆನಪಿಲ್ಲ ಅಂದ್ರೆ ಒಳ್ಳೇದೇ," ಎಂದು ಎದೆಗೆ ಕೊಳವೆ ಇಟ್ಟು ಕೇಳಿದರು. ಅವರ ಮೇಜಿನ ಅಂಚಿಗೆ ಯಾರೋ ಮರದ ಎಳೆಗೆ ಅಡ್ಡವಾಗಿ ಹತ್ತರಿ ಹೊಡೆದು ಕಿತ್ತಿದ್ದಾರೆ. ಅಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದೆ. ಅವರು ಏನು ಹೇಳಿದರೋ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಜೂನ್ 24, ಮಂಗಳವಾರ

ಏನೋ ಸರಿಯಿಲ್ಲ. ಮೇಸ್ತ್ರಿಯ ಹಲಗೆಯಲ್ಲಿ ಗೆರೆ ಬಂದಿದೆ.

ಅವರು ಏಳೆಂಟು ಬ್ಲೇಡು ಒಟ್ಟಿಗೆ ಮಸೆದು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು, ಒಂದೊಂದೇ ಬಳಸುವವರು. ಹೋದ ವಾರ ಎಲ್ಲವೂ ಎಂದಿನಂತಿತ್ತು. ನಿನ್ನೆ ಆ ಕಟ್ಟು ಮುಗಿದು ಹೊಸದಾಗಿ ಮಸೆದರು, ಆಗಿನಿಂದ ರೈಲು ಹಳಿ. ಬ್ಲೇಡು ಬಿಚ್ಚಿದರು, ಕೂರಿಸಿದರು, ಸುತ್ತಿಗೆಯಲ್ಲಿ ಎಡಕ್ಕೆ ತಟ್ಟಿದರು, ಬಲಕ್ಕೆ ತಟ್ಟಿದರು. ಮತ್ತೆ ಮಸೆದರು. ಗೆರೆ ಹೋಗಲಿಲ್ಲ. ಮೇಡಂ ಎರಡು ಹಲಗೆಯನ್ನು ವಾಪಸ್ ಕಳಿಸಿದರು. ಹಿಂದೆಂದೂ ಹಾಗೆ ಆದದ್ದು ಯಾರಿಗೂ ನೆನಪಿಲ್ಲ.

ನನ್ನನ್ನು ಒಂದು ಸಲವೂ ಮಿಷಿನ್ನು ಎಂದು ಕರೆಯಲಿಲ್ಲ.

ಜೂನ್ 27, ಶುಕ್ರವಾರ

ಮೇಡಂ ಆಫೀಸಿಗೆ ಕರೆದರು. ಬಾಗಿಲು ಹಾಕಿದರು.

"ಮೇಸ್ತ್ರಿ ಕೈ ಹೋಗಿದೆ. ವಯಸ್ಸಾಯ್ತು, ಕಣ್ಣೂ ಇಲ್ಲ. ನೀವು ಐದನೇ ತಾರೀಕು ಹಲಗೆ ಸರಿಯಾಗಿ ಕೊಟ್ರೆ ಅವರನ್ನ ಮನೆಗೆ ಕಳಿಸಿ ಹನ್ನೆರಡೂ ನಿಮಗೇ ಕೊಡ್ತೀನಿ. ಕೊಡದಿದ್ರೆ ಈ ಕೆಲಸಾನೇ ವಾಪಸ್ ಮಾಡ್ಬೇಕು."

ಸರಿ ಎಂದೆ. ಬೆಂಚಿಗೆ ಬಂದರೆ ಮೇಸ್ತ್ರಿ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು, ಬೇರೆಯವರದ್ದೋ ಎಂಬಂತೆ.

ಜೂನ್ 28, ಶನಿವಾರ

ನನ್ನ ಕಲ್ಲನ್ನು ಮನೆಗೆ ತಂದು ಅಡುಗೆಮನೆಯ ಚಾಕುಗಳನ್ನೆಲ್ಲ ಮಸೆಯಲು ಕೂತೆ. ಇವಳು ತರಕಾರಿ ಹಿಡಿದು ಕಾಯುತ್ತಿದ್ದಳು.

"ರೀ, ಒಂದು ಚಾಕುನಾದ್ರೂ ಬಿಡಿ."

"ಮೊಂಡಾಗಿದೆ ಕಣೇ, ಎಲ್ಲಾ ಮೊಂಡು. ಇದರಲ್ಲಿ ಇಷ್ಟು ವರ್ಷ ಏನು ಹೆಚ್ತಿದ್ದೆ?"

"ನಿಮಗೆ ಊಟ ಸಿಕ್ಕಿದೆಯಲ್ಲ, ಅದನ್ನೇ ಹೆಚ್ತಿದ್ದೆ."

ನಾನು ರೇಗಿದೆ. ಕಲ್ಲಿನ ನೀರು ನೆಲಕ್ಕೆ ಚೆಲ್ಲಿತು. ಇವಳು ನೆಲ ಒರೆಸಿ, ಎದುರು ಕೂತು, ಏನಾಗಿದೆ ಎಂದು ಕೇಳಿದಳು. ಮೇಡಂ ಹೇಳಿದ್ದನ್ನು ಹೇಳಿದೆ. ಕಲ್ಲು ಸಮ ಮಾಡಿದ್ದನ್ನೂ ಹೇಳಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಸೇರಿಸಿದೆ.

"ಆ ಕಲ್ಲು ಮುಟ್ಟೋಕೆ ಮುಂಚೆ ಅವರ ಹಲಗೆಯಲ್ಲಿ ಗೆರೆ ಇತ್ತಾ?"

"ಇರ್ಲಿಲ್ಲ."

"ಮುಟ್ಟಿದ ಮೇಲೆ?"

ಕಲ್ಲು ಸಮವಾಗಿರುವುದೇ ಸರಿ, ಡಬ್ಬಿಯ ಮೇಲೇ ಬರೆದಿದೆ ಎಂದೆ.

"ಡಬ್ಬಿ ಮೇಲೆ ಬರೆದೋರು ಬಂದು ಹತ್ತರಿ ಹೊಡೀತಾರಾ?" ಎಂದು ನನ್ನ ಕೈಯಿಂದ ಚಾಕು ಕಿತ್ತುಕೊಂಡು ಹೋದಳು. ಎರಡನೇ ನಿಮಿಷಕ್ಕೆ ಬೆರಳು ಕುಯ್ದುಕೊಂಡಳು. ಅದಕ್ಕೂ ನಾನೇ ಕಾರಣವಂತೆ. ಇರಬಹುದು, ಚಾಕು ಅಷ್ಟು ಹರಿತವಿತ್ತು.

ಜೂನ್ 30, ಸೋಮವಾರ

ಮೇಸ್ತ್ರಿಯ ಬೆಂಚಿನ ಖಾನೆಯಲ್ಲಿ ಒಂದು ಸಣ್ಣ ಹತ್ತರಿ ಇದೆ. ಮೂಲೆಗಳಿಗೆ ಮಾತ್ರ ಬಳಸುತ್ತಾರೆ; ನಾನು ಬಂದಾಗಿನಿಂದ ಮುಟ್ಟಿಲ್ಲ. ಅವರು ಊಟಕ್ಕೆ ಹೋದಾಗ ಅದರ ಬ್ಲೇಡು ಬಿಚ್ಚಿದೆ. ಹಳೆಯ ಕಲ್ಲಿನ ಮೇಲೆ ಮಸೆದ ಬ್ಲೇಡು ಅಂತ ಉಳಿದಿರುವುದು ಅದೊಂದೇ.

ಅಂಚಿಗೆ ಅಳತೆಪಟ್ಟಿ ಇಟ್ಟು ಕಿಟಕಿಗೆ ಹಿಡಿದೆ. ನಡುವೆ ಬೆಳಕಿಲ್ಲ. ಎರಡೂ ಮೂಲೆಯಲ್ಲಿ ಬೆಳಕು, ಕಾಗದದ ದಪ್ಪದಷ್ಟು.

ಅಂಚು ನೇರವಿಲ್ಲ. ಕೂದಲೆಳೆಯಷ್ಟು ಬಿಲ್ಲಿನ ಹಾಗೆ ಬಾಗಿದೆ. ಆದ್ದರಿಂದಲೇ ಮೂಲೆಗಳು ಮರಕ್ಕೆ ತಾಗುವುದಿಲ್ಲ, ಗೆರೆ ಬೀಳುವುದಿಲ್ಲ. ಆ ಬಾಗು ಬಂದದ್ದು ಅವರ ಕೈಯಿಂದಲ್ಲ. ಕಲ್ಲಿನ ತಗ್ಗಿನಿಂದ. ಮೂವತ್ತು ವರ್ಷ ಅವರು ನೇರವಾಗಿ ಎಳೆದರು, ಕಲ್ಲು ಅದನ್ನು ಬಾಗಿಸಿ ಕೊಟ್ಟಿತು.

ನಾನು ಮೂರು ಗಂಟೆ ಕೂತು ಆ ತಗ್ಗನ್ನು ಉಜ್ಜಿ ತೆಗೆದೆ. ಇಡೀ ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಇದು ಹೊಳೆಯುತ್ತಿರಲಿಲ್ಲ. ಹೊಳೆದಿದ್ದರೂ ಅಷ್ಟು ಚೆನ್ನಾಗಿ ಮಾಡಲು ಬರುತ್ತಿರಲಿಲ್ಲ.

ಬ್ಲೇಡನ್ನು ವಾಪಸ್ ಕೂರಿಸಿ ಖಾನೆ ಮುಚ್ಚಿದೆ. ಮೇಸ್ತ್ರಿಗಳು ಬಂದರು. ಹೇಳಲಿಲ್ಲ.

ಜುಲೈ 2, ಬುಧವಾರ

ಸಮವಾದ ಕಲ್ಲಿನ ಮೇಲೂ ಬಾಗು ತರಬಹುದು. ಬೆರಳಿನ ಒತ್ತಡದಿಂದ. ನಡುವೆ ಒತ್ತಿ ಹತ್ತು ಎಳೆತ. ಆಮೇಲೆ ತೋರುಬೆರಳನ್ನು ಎಡ ಮೂಲೆಗೆ ಸರಿಸಿ ನಾಲ್ಕು, ಬಲ ಮೂಲೆಗೆ ನಾಲ್ಕು. ಮತ್ತೆ ನಡುವೆ ಎರಡು. ಮೂಲೆಗೆ ಆರು ಎಳೆದರೆ ಹೆಚ್ಚಾಗುತ್ತದೆ, ಮೂರು ಸಾಲದು. ಎರಡು ದಿನ ಇದನ್ನೇ ಮಾಡಿದ್ದೇನೆ. ತೋರುಬೆರಳಿನ ತುದಿಯ ಚರ್ಮ ಕಲ್ಲಿಗೆ ಸವೆದು ಕೆಂಪಾಗಿದೆ.

ಸಂಜೆ ಮೂರು ಅಡಿ ಹಲಗೆಯಲ್ಲಿ ಒಂದೂ ಗೆರೆ ಇಲ್ಲ. ಕೈ ಆಡಿಸಿದೆ. ಏನೂ ಇಲ್ಲ. ಮರ ಅಷ್ಟೇ.

ಮೇಸ್ತ್ರಿಗಳು ಸ್ವಲ್ಪ ದೂರದಲ್ಲಿ ಕೂತು ನಾಲ್ಕನೇ ಸಲ ಅದೇ ಬ್ಲೇಡು ಮಸೆಯುತ್ತಿದ್ದರು. ಹಲಗೆಯನ್ನು ಅವರಿಗೆ ಕಾಣದಂತೆ ಗೋಡೆಗೆ ತಿರುಗಿಸಿ ಇಟ್ಟೆ. ಶನಿವಾರದವರೆಗೆ ಸುಮ್ಮನಿದ್ದರೆ ಸಾಕು, ಬೆಂಚು ನನ್ನದು. ಯಾರನ್ನೂ ನಾನು ಕಳಿಸುತ್ತಿಲ್ಲ, ಕಳಿಸುವುದು ಮೇಡಂ. ಇದನ್ನು ಬಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ. ಬರೆದು ನೋಡಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಜುಲೈ 4, ಶುಕ್ರವಾರ

ಹೇಳಿದೆ. ಸಣ್ಣ ಹತ್ತರಿಯ ಬ್ಲೇಡನ್ನು ಅವರ ಕೈಗೆ ಕೊಟ್ಟು, ಅಳತೆಪಟ್ಟಿ ಇಟ್ಟು, ಕಿಟಕಿಗೆ ಹಿಡಿಸಿದೆ. ಅವರ ಕಣ್ಣಿಗೆ ಬೆಳಕು ಕಾಣಲಿಲ್ಲ. ಕಾಗದದ ಚೂರನ್ನು ಮೂಲೆಯ ಸಂದಿಯಲ್ಲಿ ತೂರಿಸಿ ತೋರಿಸಿದೆ. ಅದು ಅರ್ಥವಾಯಿತು.

ಆ ಚೂರನ್ನು ತಾವೇ ಇನ್ನೊಂದು ಮೂಲೆಗೂ ತೂರಿಸಿ ನೋಡಿದರು.

"ನನ್ನ ಬ್ಲೇಡು ಯಾಕೆ ಗೆರೆ ಬಿಡಲ್ಲ ಅಂತ ನೀನು ಕೇಳ್ದಾಗ ಬೇಕಂತಲೇ ಹೇಳ್ಲಿಲ್ಲ ಅಂದ್ಕೊಂಡೆ ಅಲ್ವಾ?"

"ಹೌದು."

"ನನಗೇ ಗೊತ್ತಿರ್ಲಿಲ್ಲ ಕಣಯ್ಯಾ." ನಕ್ಕರು, ಆದರೆ ಅದು ನಗು ಅಲ್ಲ. "ಇಷ್ಟು ದಿನ ಕೈ ಕೈ ಅಂತ ಮೆರೆದೆ. ಕೆಲಸ ಮಾಡ್ತಿದ್ದಿದ್ದು ಕಲ್ಲು."

ಮೇಡಂ ಹೇಳಿದ್ದನ್ನೂ ಹೇಳಿದೆ. ಅದು ಅವರಿಗೆ ಗೊತ್ತಿತ್ತು. ಅವರನ್ನೂ ಕರೆದು ಹೇಳಿದ್ದರಂತೆ. "ನಿನಗೆ ಸಂಸಾರ ಇದೆ, ಎದೆ ಸರಿಯಿಲ್ಲ. ಅವನೇ ಇರ್ಲಿ ಅಂದೆ," ಎಂದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಬೆರಳು ಸರಿಸುವುದನ್ನು ತೋರಿಸುತ್ತೇನೆ ಎಂದೆ. "ನಿನ್ನ ಹತ್ರ ಕಲೀಬೇಕಾ ನಾನು?" ಎಂದು ಎದ್ದು ಹೋದರು. ಕಾಲು ಗಂಟೆಯ ಮೇಲೆ ಎರಡು ಲೋಟ ಟೀ ಹಿಡಿದು ವಾಪಸ್ ಬಂದು ಕೂತರು. ನಾನು ಬ್ಲೇಡು ಹಿಡಿದೆ. ಅವರು ತಮ್ಮ ಬೆರಳುಗಳನ್ನು ನನ್ನ ಬೆರಳುಗಳ ಮೇಲೆ ಇಟ್ಟು, ಒತ್ತಡ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರು. ಆ ಬೆರಳುಗಳು ಇಷ್ಟು ಹಗುರ ಎಂದು ಎಣಿಸಿರಲಿಲ್ಲ.

ನಾಳೆಯ ಹಲಗೆಯನ್ನು ಅರ್ಧರ್ಧ ಹೊಡೆದೆವು. ಯಾರು ಮೊದಲು ಹಾಗೆಂದರೋ ನೆನಪಿಲ್ಲ. ಎಡಗಡೆ ನಾನು, ಬಲಗಡೆ ಅವರು.

ಜುಲೈ 5, ಶನಿವಾರ

ಮೇಡಂ ದೀಪವನ್ನು ಹಲಗೆಯ ಪಕ್ಕದಲ್ಲಿ ಮಲಗಿಸಿ ಬೆಳಕನ್ನು ಓರೆಯಾಗಿ ಬಿಟ್ಟರು. ಅವರು ಬಗ್ಗುವ ಮೊದಲೇ ಹೇಳಿಬಿಟ್ಟೆ: ಮೇಸ್ತ್ರಿಗಳ ಕೈಗೆ ಏನೂ ಆಗಿಲ್ಲ, ಅವರ ಕಲ್ಲನ್ನು ನಾನು ಸಮ ಮಾಡಿದೆ, ಆ ಎರಡು ಹಲಗೆ ವಾಪಸ್ ಬಂದದ್ದು ಅದಕ್ಕೇ.

"ಅವರನ್ನ ಕೇಳದೇನೇ ಕಲ್ಲು ಮುಟ್ಟಿದ್ರಾ?"

"ಹೌದು."

"ಇದಕ್ಕೇ ಗೆರೆ ಬರ್ತಿದೆ ಅಂತ ನಿಮಗೆ ಗೊತ್ತಾಗಿದ್ದು ಯಾವತ್ತು?"

"ಸೋಮವಾರ."

"ಇವತ್ತು ಶನಿವಾರ."

ಮೇಸ್ತ್ರಿಗಳು ನಡುವೆ ಬಾಯಿ ಹಾಕಿದರು. "ಕಲ್ಲನ್ನ ಅವನು ಹಾಳು ಮಾಡ್ಲಿಲ್ಲಮ್ಮ. ಹಾಳಾಗಿದ್ದನ್ನ ಸರಿ ಮಾಡ್ದ. ನಾನು ಹಾಳಾಗಿದ್ದಕ್ಕೆ ಹೊಂದಿಕೊಂಡುಬಿಟ್ಟಿದ್ದೆ."

ಮೇಡಂ ಹಲಗೆಯ ಸುತ್ತ ನಡೆದರು. ಎಡಗಡೆ, ಗಂಟಿನ ಪಕ್ಕ, ಬೆರಳು ನಿಂತಿತು. "ಇಲ್ಲಿ ಎಳೆ ಕಿತ್ತಿದೆ." ಅದು ನನ್ನದು. ಬಲಗಡೆ ಮತ್ತೊಂದು ಸಲ ನಿಂತಿತು. "ಇಲ್ಲಿ ಒಂದು ಗೆರೆ." ಗೇಣುದ್ದ. ಅದು ಮೇಸ್ತ್ರಿಗಳದ್ದು.

ದೀಪ ಆರಿಸಿದರು. "ಒಬ್ಬರಿಗೆ ಮಸೆಯೋಕೆ ಬರುತ್ತೆ, ಮರ ಓದೋಕೆ ಬರಲ್ಲ. ಒಬ್ಬರಿಗೆ ಮರ ಗೊತ್ತು, ಮಸೆಯೋಕೆ ಬರಲ್ಲ. ನನ್ನ ಹಣೆಬರಹ," ಎಂದರು. ನಾವಿಬ್ಬರೂ ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ ನಿಂತಿದ್ದೆವು. "ಇಬ್ಬರೂ ಇರಿ. ಈ ಹಲಗೆ ಸೋಮವಾರ ಮತ್ತೆ ಹೊಡೀರಿ. ಇನ್ಮೇಲೆ ಒಂದು ಗೆರೆ ಕಂಡ್ರೂ..." ಎಂದು ಮುಗಿಸದೆ ಆಫೀಸಿಗೆ ಹೋದರು.

ಮೇಸ್ತ್ರಿಗಳು ಗಂಟಿನ ಪಕ್ಕದ ಕಿತ್ತ ಜಾಗವನ್ನು ಉಗುರಿನಿಂದ ಕೆರೆದು ನೋಡಿದರು. "ಎಳೆ ಇಲ್ಲಿ ತಿರುಗಿಕೊಳ್ಳುತ್ತೆ, ಕಾಣಲ್ವಾ? ಕತ್ತೆ," ಎಂದರು.

ಜುಲೈ 7, ಸೋಮವಾರ

ಬೆಳಿಗ್ಗೆ ಬೇಗ ಹೋದೆ. ಮೇಸ್ತ್ರಿಗಳು ನನಗಿಂತ ಮೊದಲೇ ಬಂದಿದ್ದರು. ಕಲ್ಲಿನ ಮುಂದೆ ಕೂತು, ತುಟಿ ಅಲ್ಲಾಡಿಸಿ ಎಣಿಸುತ್ತಾ ಮಸೆಯುತ್ತಿದ್ದರು. ನಡುವೆ ಹತ್ತು. ಎಡಕ್ಕೆ ನಾಲ್ಕು. ಬಲಕ್ಕೆ ಬೆರಳು ಸರಿಸಿದರು. ಮೂರನೆಯದಕ್ಕೆ ಬೆರಳು ಜಾರಿ ಮತ್ತೆ ನಡುವಿಗೆ ಬಂತು. ನಾನು ಕೋಟು ಕಳಚುವ ನೆಪದಲ್ಲಿ ಬೇರೆ ಕಡೆ ತಿರುಗಿದೆ.

ಬ್ಲೇಡು ಒರೆಸುವ ಸದ್ದು. ಕಲ್ಲಿಗೆ ನೀರು ಚಿಮುಕಿಸುವ ಸದ್ದು. "ಒಂದು," ಎಂದರು, ಸ್ವಲ್ಪ ಗಟ್ಟಿಯಾಗಿ.